ದಬ್ಬಣ ಗಂಡಸರದ್ದು, ಸೂಜಿ ಯಾರದ್ದು?

ಸುಗ್ಗಿಯ ದಿನಗಳಲ್ಲಿ ಗದಗ ತಾಲ್ಲೂಕಿನ ಹಿರೇಹಂದಿಗೋಳದಂಥ ಯಾವುದೇ ಊರಿನ ಕಣಕ್ಕೆ ಹೋಗಿ ನೋಡಿ. ಕಡಲೆಯೋ ಜೋಳವೋ ತುಂಬಿದ ಗೋಣಿಚೀಲವನ್ನು ಗಂಡಸೊಬ್ಬ ಮೊಣಕಾಲಿನಿಂದ ಒತ್ತಿ ಹಿಡಿದು, ದಬ್ಬಣಕ್ಕೆ ಸುತಳಿ ಪೋಣಿಸಿ ಸರಸರನೆ ಬಾಯಿ ಹೊಲಿಯುತ್ತಿರುತ್ತಾನೆ. ಹೊಲಿಗೆ ಬಿಗಿಯಾಗಿರಬೇಕು, ಒಂದೊಂದು ಟಾಕೂ ಸಮದೂರದಲ್ಲಿರಬೇಕು, ಇಲ್ಲವಾದರೆ ಪೇಟೆ ಮುಟ್ಟುವುದರೊಳಗೆ ಕಾಳು ಸೋರಿ ಹೋಗುತ್ತದೆ. ಇದು ಅಪ್ಪಟ ಹೊಲಿಗೆಯೇ. ಆದರೆ ಅವನನ್ನು ನೋಡಿ ಯಾರೂ ನಗುವುದಿಲ್ಲ.

ಅದೇ ಮನುಷ್ಯ ಸಂಜೆ ಮನೆಗೆ ಬಂದಾಗ ಅವನ ಅಂಗಿಯ ಗುಂಡಿ ಕಿತ್ತು ಬಂದಿರುತ್ತದೆ. ಅಂಗಿಯನ್ನು ಹೆಂಡತಿಯತ್ತಲೋ ಮಗಳತ್ತಲೋ ಎಸೆಯುತ್ತಾನೆ. ಎಂಟನೆಯ ಇಯತ್ತೆಯಲ್ಲಿ ಓದುವ ಮಗ 'ತಾ ಅಪ್ಪಾ, ನಾ ಹಚ್ಚತೀನಿ' ಎಂದು ಸೂಜಿ ಕೈಗೆತ್ತಿಕೊಂಡರೆ ಪಡಸಾಲೆಯಲ್ಲಿ ಕೂತವರು ಸುಮ್ಮನಿರುತ್ತಾರೆಯೇ? 'ಏನಲೇ, ಹೆಣ್ಮಕ್ಕಳ ಹಂಗ ಸೂಜಿ ಹಿಡದು ಕುಂತೀಯಲ್ಲಾ!'

ಹಾಗಾದರೆ ನಾಲ್ಕು ಬೆರಳುದ್ದದ ದಬ್ಬಣ ಗಂಡು, ಒಂದೂವರೆ ಬೆರಳಿನ ಸೂಜಿ ಹೆಣ್ಣು ಎಂದಾಯಿತು! ಈ ಲೆಕ್ಕವೂ ಪೂರ್ತಿ ನಿಲ್ಲುವುದಿಲ್ಲ. ಗದಗಿನ ಪೇಟೆಗೆ ಬನ್ನಿ. ಸಾಲಾಗಿ ಕಾಣುವ ಟೇಲರ್ ಅಂಗಡಿಗಳಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ನಿಂತವರು ಬಹುಮಟ್ಟಿಗೆ ಗಂಡಸರೇ. ಅಲ್ಲಿ ಸೂಜಿ ಮಶೀನಿನೊಳಗೆ ಹೊಕ್ಕಿದೆ, ಎದುರಿಗೆ ಗಲ್ಲಾಪೆಟ್ಟಿಗೆ ಇದೆ. ಮನೆಯಲ್ಲಿ ಪುಕ್ಕಟೆ ಹೊಲಿದರೆ ಹೆಂಗಸರ ಕೆಲಸ, ಅಂಗಡಿಯಲ್ಲಿ ದುಡ್ಡಿಗೆ ಹೊಲಿದರೆ ಗಂಡಸರ ಉದ್ಯೋಗ. ಗಂಡು-ಹೆಣ್ಣಿನ ಗೆರೆ ಇರುವುದು ಸೂಜಿಯಲ್ಲಲ್ಲ, ಕೂಲಿಯಲ್ಲಿ ಎಂಬ ಸಂಶಯ ಬಂದರೆ ಅದು ತಪ್ಪಲ್ಲ.

ಕದಿರು ಅವ್ವೆಯದು, ಸೂಜಿ ತಂದೆಯದು

ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರ ಇದ್ದಾನೆ. ಬಟ್ಟೆ ಹೊಲಿಯುವುದು ಅವನ ಕಾಯಕ. ಅದೇ ಕಾಲದ ಕದಿರ ರೆಮ್ಮವ್ವೆ ನೂಲು ತೆಗೆಯುತ್ತಿದ್ದವಳು, ಅವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯ ಮಗ್ಗದವನು. ನೂಲುವವಳು, ನೇಯುವವನು, ಹೊಲಿಯುವವನು ಮೂವರೂ ತಂತಮ್ಮ ಕಾಯಕದ ಹೆಸರನ್ನು ನಾಚಿಕೆಯಿಲ್ಲದೆ ಹೆಸರಿಗಂಟಿಸಿಕೊಂಡಿದ್ದಾರೆ. ಪಂಢರಪುರದ ವಿಠ್ಠಲನ ಭಕ್ತ ಸಂತ ನಾಮದೇವನೂ ಸಿಂಪಿಗರವನೇ. ನಮ್ಮ ಗದಗ, ವಿಜಾಪುರದ ಕಡೆಯ ನಾಮದೇವ ಸಿಂಪಿಗರು ಈಗಲೂ ಅವನ ಹೆಸರನ್ನೇ ಹೇಳಿಕೊಳ್ಳುತ್ತಾರೆ.

ಯುರೋಪಿನಲ್ಲಂತೂ ಹೊಲಿಗೆಗಾಗಿ ಗಂಡು-ಹೆಣ್ಣು ಜಗಳವೇ ಆಡಿದರು. ಪ್ಯಾರಿಸ್ಸಿನಲ್ಲಿ ದರ್ಜಿಗಳ ಸಂಘ ಗಂಡಸರದ್ದು. ಹೆಂಗಸರು ಕದ್ದುಮುಚ್ಚಿ ಹೊಲಿಯಬೇಕಿತ್ತು. 1675ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಹೊಲಿಗೆಯ ಹೆಂಗಸರಿಗೆ ತಮ್ಮದೇ ಸಂಘ ಕಟ್ಟಿಕೊಳ್ಳಲು ಅನುಮತಿ ಕೊಟ್ಟ ಮೇಲೆ ಅವರಿಗೆ ಬಹಿರಂಗವಾಗಿ ಸೂಜಿ ಹಿಡಿಯುವ ಹಕ್ಕು ಬಂತು. ನಮ್ಮಲ್ಲಿ ಹುಡುಗ ಸೂಜಿ ಹಿಡಿದರೆ ನಗುತ್ತಾರೆ, ಅಲ್ಲಿ ಹೆಂಗಸು ಹಿಡಿದರೆ ಮೊಕದ್ದಮೆ! ಇನ್ನು ಬ್ರಿಟಿಷ್ ನೌಕಾದಳದಲ್ಲಿ ನಾವಿಕರಿಗೆ ಬಟ್ಟೆ ಹೊಲಿದುಕೊಳ್ಳಲು, ಹರಿದದ್ದನ್ನು ಸರಿಮಾಡಿಕೊಳ್ಳಲು ಅರ್ಧ ದಿನದ ಬಿಡುವು ಕೊಡುವ ಪದ್ಧತಿಯೇ ಇತ್ತು. ನಡುಸಮುದ್ರದಲ್ಲಿ ಹೆಂಡತಿ ಎಲ್ಲಿ ಸಿಗಬೇಕು?

ಹೊಲಿಗೆಯ ಯಂತ್ರದ ಕಥೆಯೂ ಸ್ವಾರಸ್ಯಕರ. 1830ರಲ್ಲಿ ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ ಎಂಬ ಬಡ ದರ್ಜಿ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಅದರಿಂದ ತಮ್ಮ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಮರುವರ್ಷ ದರ್ಜಿಗಳೇ ಗುಂಪುಗೂಡಿ ಅವನ ಕಾರ್ಖಾನೆಯ ಯಂತ್ರಗಳನ್ನು ಪುಡಿಮಾಡಿದರು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪಡೆದ ಹಕ್ಕುಪತ್ರದ ಯಂತ್ರದಲ್ಲಿ ಸೂಜಿಯ ಕಣ್ಣು ತುದಿಯಲ್ಲೇ ಇತ್ತು. ನಮ್ಮ ಕೈಸೂಜಿಗೆ ಕಣ್ಣು ಹಿಂದೆ, ಮಶೀನಿನ ಸೂಜಿಗೆ ಕಣ್ಣು ಮುಂದೆ. ಮನೆಯಲ್ಲಿ ಮಶೀನು ಇದ್ದರೆ ಮಕ್ಕಳಿಗೆ ಇದನ್ನೊಮ್ಮೆ ತೋರಿಸಿ. ಸೂಜಿ ಬಟ್ಟೆಯ ಕೆಳಗಿಳಿದು ಮೇಲೇಳುವ ಕ್ಷಣದಲ್ಲಿ ದಾರದ ಒಂದು ಕುಣಿಕೆ ಬಿಡುತ್ತದೆ. ಕೆಳಗಿನ ಶಟಲ್ ಆ ಕುಣಿಕೆಯಲ್ಲಿ ನುಸುಳಿ ಬಾಬಿನ್ನಿನ ದಾರವನ್ನು ಅದಕ್ಕೆ ತೊಡಕಿಸುತ್ತದೆ. ಎರಡು ದಾರಗಳು ಬಟ್ಟೆಯ ನಡುವಿನಲ್ಲಿ ಹೀಗೆ ಕೈಕೈ ಹಿಡಿದುಕೊಳ್ಳುವುದರಿಂದಲೇ ಮಶೀನಿನ ಹೊಲಿಗೆ ಅಷ್ಟು ಬಿಗಿ. 1851ರಲ್ಲಿ ಐಸಾಕ್ ಸಿಂಗರ್ ಇದನ್ನು ಸುಧಾರಿಸಿ ಮನೆಮನೆಗೆ ಮುಟ್ಟಿಸುವ ದಾರಿ ತೆರೆದ.

ಯಂತ್ರಗಳೆಂದರೆ ಮೂಗು ಮುರಿಯುತ್ತಿದ್ದ ಗಾಂಧೀಜಿ ಈ ಒಂದು ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. 1924ರ ನವೆಂಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಬಂದ ಸಂಭಾಷಣೆಯಲ್ಲಿ, ಜಗತ್ತು ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲಿ ಸಿಂಗರ್ ಹೊಲಿಗೆಯಂತ್ರವೂ ಒಂದು ಎಂದು ಮೆಚ್ಚಿಕೊಂಡಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ವಕೀಲರಾಗಿದ್ದಾಗ ಅಗಸನ ಖರ್ಚು ಉಳಿಸಲು ಸ್ವತಃ ಕಾಲರಿಗೆ ಗಂಜಿ ಹಾಕಿ, ಅದು ಕೋರ್ಟಿನಲ್ಲಿ ಉದುರತೊಡಗಿ, ಜೊತೆಯ ವಕೀಲರು ನಕ್ಕದ್ದನ್ನು ಆತ್ಮಕಥೆಯಲ್ಲಿ ಸಂಕೋಚವಿಲ್ಲದೆ ಬರೆದಿದ್ದಾರೆ. ನಕ್ಕವರ ಹೆಸರು ಯಾರಿಗೂ ನೆನಪಿಲ್ಲ.

ಕೌದಿ, ಕಸೂತಿ, ಕಾಂಚಳಿ

ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಂಡು ತೊಡುವವರು ಯಾರು ಎಂದು ಕೇಳಿದರೆ ಉತ್ತರಕ್ಕಾಗಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಗದಗ, ಶಿರಹಟ್ಟಿ, ಮುಂಡರಗಿಯ ಸುತ್ತಣ ತಾಂಡಾಗಳಿಗೆ ಹೋದರೆ ಸಾಕು. ಲಂಬಾಣಿ ಹೆಣ್ಣುಮಗಳ ಫೇಟಿಯಾ, ಕಾಂಚಳಿ, ತಲೆಯ ಮೇಲಿನ ಓಢಣಿ ಇವು ಅಂಗಡಿಯಿಂದ ಬಂದವಲ್ಲ. ಕನ್ನಡಿ ತುಣುಕು, ಕವಡೆ, ನಾಣ್ಯ, ಬಣ್ಣದ ದಾರ ಸೇರಿಸಿ ಅವರೇ ಹೊಲಿದುಕೊಂಡವು. ಈ ಕಸುಬನ್ನು ಬಳ್ಳಾರಿ ಸೀಮೆಯ ಸಂಡೂರು ಕುಶಲ ಕಲಾ ಕೇಂದ್ರ ಹೊರಜಗತ್ತಿಗೆ ಪರಿಚಯಿಸಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿಗಳು ಮಾಡಿದ 1755 ಕಸೂತಿ ವಸ್ತುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಆದರೆ ನಮ್ಮ ಪೇಟೆಯ ಹುಡುಗಿಯರು ಅದೇ ಕನ್ನಡಿಯ ಕುಪ್ಪಸವನ್ನು ದುಬಾರಿ ಬೆಲೆಗೆ ಕೊಳ್ಳುವ ಹೊತ್ತಿಗೆ ತಾಂಡಾದ ಹುಡುಗಿಯರು ಅದನ್ನು ಬಿಟ್ಟು ಸೀರೆ, ಚೂಡಿದಾರಕ್ಕೆ ಬಂದಿದ್ದಾರೆ.

ಧಾರವಾಡ ಸೀಮೆಯ ಕಸೂತಿಯ ಮಾತು ಬೇರೆ ಹೇಳಬೇಕಿಲ್ಲ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆ. ಕೆಳಗೆ ಗೆರೆ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿಯೇ ತೇರು, ಗೋಪುರ, ಆನೆ, ತುಳಸಿಕಟ್ಟೆ ಮೂಡಿಸಬೇಕು. ಗವಂತಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ತಾರ ಕಾಣಬೇಕು. ಇದು ಲೆಕ್ಕದ ಕೆಲಸ, ಚೌಕುಳಿ ಹಾಳೆಯ ಮೇಲೆ ನಕ್ಷೆ ಬಿಡಿಸಿದ ಹಾಗೆ. ಗಣಿತದಲ್ಲಿ ಗಂಡುಮಕ್ಕಳೇ ಜಾಣರು ಎನ್ನುವವರು ಅರ್ಧ ತಾಸು ಇದನ್ನು ಹೊಲಿದು ನೋಡಬೇಕು.

ಇನ್ನು ಕೌದಿ. ಅಜ್ಜಿಯ ಸೀರೆ, ಅಪ್ಪನ ಧೋತರ, ತಮ್ಮನ ಹರಿದ ಅಂಗಿ ಎಲ್ಲ ಪದರುಪದರಾಗಿ ಸೇರಿ ಒಂದು ಹೊದಿಕೆ ಆಗುತ್ತದೆ. ಮಲಗಿದಾಗ ನಮ್ಮ ಮೈಮೇಲೆ ಇಡೀ ಮನೆತನ ಇರುತ್ತದೆ! ಅದಕ್ಕೂ ಕೈಹಾಕುವವರು ಹೆಂಗಸರೇ.

ಕಸುಬಿಗೆ ಕಟ್ಟಿದ ಬೇಲಿ ಎಷ್ಟು ವಿಚಿತ್ರವಾಗಿರಬಲ್ಲುದು ಎಂಬುದಕ್ಕೆ ಪಕ್ಕದ ನವಲಗುಂದವೇ ಸಾಕ್ಷಿ. ಅಲ್ಲಿಯ ಜಮಖಾನೆ ನೇಯುವವರು ಹೆಂಗಸರು. ಮಗಳಿಗೆ ಕಲಿಸಿದರೆ ಮದುವೆಯಾಗಿ ಹೋಗುವಾಗ ವಿದ್ಯೆಯನ್ನೂ ಒಯ್ದುಬಿಡುತ್ತಾಳೆಂದು ಸೊಸೆಗೆ ಮಾತ್ರ ಕಲಿಸುವ ರೂಢಿ ಇತ್ತೆಂದು ಹೇಳುತ್ತಾರೆ. ಮುಚ್ಚಿಟ್ಟ ವಿದ್ಯೆ ಸೊರಗಿತು. ಈಗ ಅಲ್ಲಿ ನೇಯುವ ಕೈಗಳು ಬೆರಳೆಣಿಕೆಯಷ್ಟೇ ಉಳಿದಿವೆ.

ಹುಡುಗಿಗೆ ಕಿಸೆ ಬೇಡವೇ?

ಹುಡುಗರ ಮಾತಾಯಿತು. ಹುಡುಗಿಯರ ಕಡೆಗೂ ಒಂದು ದೂರು ಇದೆ. ಹತ್ತು ವರ್ಷದ ಗಂಡುಹುಡುಗನ ಅಂಗಿಗೆ ಒಂದು, ಚಡ್ಡಿಗೆ ಎರಡು, ಹೀಗೆ ಮೂರು ಕಿಸೆ. ಅವನಿಗಿಂತ ಹೆಚ್ಚು ಸಾಮಾನು ಹೊರುವ ಅಕ್ಕನ ಲಂಗಕ್ಕಾಗಲಿ ಚೂಡಿದಾರಕ್ಕಾಗಲಿ ಒಂದೂ ಇಲ್ಲ. ಬಸ್ಸಿನ ದುಡ್ಡು, ಪಾಸು, ಪೆನ್ನು, ಈಗಿನ ಫೋನು ಎಲ್ಲಿಡಬೇಕು? ಟೇಲರಿಗೆ ಕೇಳಿದರೆ 'ಲೇಡೀಸ್ ಡ್ರೆಸ್ಸಿಗೆ ಕಿಸೆ ಇರೂದಿಲ್ಲವಾ' ಎನ್ನುತ್ತಾನೆ. ಯಾವ ಶಾಸ್ತ್ರದಲ್ಲಿ ಬರೆದಿದೆಯೋ! ಗುಂಡಿಯದೂ ಇದೇ ಕಥೆ. ಗಂಡಸರ ಅಂಗಿಯಲ್ಲಿ ಗುಂಡಿ ಬಲಕ್ಕೆ, ಹೆಂಗಸರದ್ದಾದರೆ ಎಡಕ್ಕೆ. ಹೆಚ್ಚಿನ ಹುಡುಗಿಯರೂ ಹುಡುಗರ ಹಾಗೆ ಬಲಗೈಯವರೇ ಅಲ್ಲವೆ?

2006-07ರಿಂದ ಸರ್ಕಾರ ಪ್ರೌಢಶಾಲೆಯ ಮಕ್ಕಳಿಗೆ ಸೈಕಲ್ ಹಂಚತೊಡಗಿದಾಗ ನಮ್ಮ ಹಳ್ಳಿಗಳ ಹುಡುಗಿಯರು ಲಂಗದ ಅಂಚು ಚೈನಿಗೆ ಸಿಕ್ಕದಂತೆ ಒಂದು ಕೈಯಲ್ಲಿ ಎತ್ತಿ ಹಿಡಿದು ತುಳಿಯುತ್ತಿದ್ದುದನ್ನು ಕಂಡವರಿಗೆ ಬಟ್ಟೆಯ ಆಕಾರ ಎಂದರೆ ಬರೀ ಅಂದಚೆಂದವಲ್ಲ ಎಂಬುದು ತಿಳಿದಿದೆ. ಉಡುಪು ಹೇಗಿರಬೇಕೆಂದು ಹೊಲಿಯುವವರು ತೀರ್ಮಾನಿಸುತ್ತಾರೆ. ತಾನೇ ಹೊಲಿಯುವ ಹುಡುಗಿ ತನಗೆ ಬೇಕಾದಲ್ಲಿ ಕಿಸೆ ಇಟ್ಟುಕೊಳ್ಳುತ್ತಾಳೆ. ಪಕ್ಕದ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ, ಅಂಗೈ ಹಿಡಿಸುವಷ್ಟು ಚೀಲ ಮಾಡಿ ಒಳಗಿನಿಂದ ಕೂಡಿಸಿದರೆ ಆಯಿತು, ಮುಕ್ಕಾಲು ತಾಸಿನ ಕೆಲಸ.

ಎಲ್ಲಿಂದ ಸುರು ಮಾಡಬೇಕು

ಕಲಿಯಬೇಕೆನ್ನುವ ವಿದ್ಯಾರ್ಥಿಗಳು ಒಮ್ಮೆಲೇ ಅಂಗಿಗೆ ಕೈ ಹಾಕಬಾರದು. ಮೊದಲು ಗುಂಡಿ ಹಚ್ಚುವುದು, ಅಂಚು ಮಡಚಿ ಹೆಮ್ಮಿಂಗ್ ಮಾಡುವುದು. ಆಮೇಲೆ ಕೈಚೀಲ, ದಿಂಬಿನ ಗವಸು. ಅದು ನೇರವಾಗಿ ಬಂದರೆ ಲಾಡಿಯ ಪಾಯಜಾಮ. ಅಂಗಿ ಕೊನೆಗೆ.

ಅಂಗಿಗೆ ಗುರು ಬೇಕೆಂದರೆ ತೊಡಲು ಬಾರದಂತಾದ ಹಳೆಯ ಅಂಗಿಯೊಂದನ್ನು ತೆಗೆದುಕೊಳ್ಳಿ. ಹೊಲಿಗೆಯನ್ನು ಬ್ಲೇಡಿನಿಂದ ಮೆಲ್ಲಗೆ ಬಿಚ್ಚಿ. ಬೆನ್ನು ಒಂದು, ಎದೆ ಎರಡು ಹೋಳು, ಹೆಗಲಪಟ್ಟಿ ಎರಡು ಪದರು, ತೋಳು ಎರಡು, ಕಾಲರು, ಅದರ ಕೆಳಗಿನ ಪಟ್ಟಿ, ಕಪ್ಪು, ಕಿಸೆ ಎಲ್ಲ ಬಿಡಿಬಿಡಿಯಾಗಿ ಚಾಪೆಯ ಮೇಲೆ ಬೀಳುತ್ತವೆ. ಹಳೆಯ ಪತ್ರಿಕೆಯ ಹಾಳೆಯ ಮೇಲೆ ಇಟ್ಟು ಗೆರೆ ಎಳೆದುಕೊಂಡರೆ ನಿಮ್ಮ ಅಳತೆಯ ನಕ್ಷೆ ಸಿದ್ಧ. ಹೊಲಿಗೆಗೆ ಬೇಕಾದ ಅಂಚನ್ನು ಸುತ್ತಲೂ ಬಿಡಲು ಮರೆಯಬೇಡಿ. ಮರೆತ ಅಂಗಿ ನಿಮ್ಮ ತಮ್ಮನಿಗೆ ಸರಿಹೋಗುತ್ತದೆ.

ಹತ್ತಿಯ ಬಟ್ಟೆಯಾದರೆ ಕತ್ತರಿಸುವ ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲವಾದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಹಾಸು ಯಾವುದು, ಹೊಕ್ಕು ಯಾವುದು ನೋಡಿಕೊಳ್ಳಿ. ಬೆಟಗೇರಿಯ ಮಗ್ಗದವರ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉದ್ದದ ಎಳೆ ಮೈಯುದ್ದಕ್ಕೆ ಬರಬೇಕು, ಅಡ್ಡವಾದರೆ ಅಂಗಿ ಜೋತುಬೀಳುತ್ತದೆ. ಬಟ್ಟೆಯ ಕತ್ತರಿಯಿಂದ ಕಾಗದ ಕತ್ತರಿಸಿದರೆ ಮೊನೆ ಹೋಗುತ್ತದೆ. ಮನೆಯಲ್ಲಿ ಹೊಲಿಯುವ ಅವ್ವನಿದ್ದರೆ ಈ ತಪ್ಪಿಗೆ ಬೈಗುಳ ತಪ್ಪಿದ್ದಲ್ಲ.

ಹತ್ತನೆಯ ತರಗತಿಯವರಿಗೆ ಒಂದು ಲೆಕ್ಕ. ಕುಣಿದಾಗ ಛತ್ರಿಯಂತೆ ಅರಳುವ ಲಂಗ ಪೂರ್ತಿ ವೃತ್ತಾಕಾರದ್ದು. ನಡುವೆ ಸೊಂಟಕ್ಕಾಗಿ ಒಂದು ಸಣ್ಣ ವೃತ್ತ ಕತ್ತರಿಸಬೇಕು. ಸೊಂಟದ ಸುತ್ತಳತೆ 66 ಸೆಂ.ಮೀ. ಇದ್ದರೆ ಆ ವೃತ್ತದ ತ್ರಿಜ್ಯ ಎಷ್ಟು? ಪುಸ್ತಕದಲ್ಲಿ ಓದಿದ ಸೂತ್ರವೇ. ಎರಡು ಪೈ ಎಂದರೆ ಸುಮಾರು 6.28, 66ನ್ನು ಅದರಿಂದ ಭಾಗಿಸಿದರೆ ಹತ್ತೂವರೆ ಸೆಂ.ಮೀ. ಪರೀಕ್ಷೆಯಲ್ಲಿ ತಪ್ಪಿದರೆ ಎರಡು ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ಬಟ್ಟೆಯೇ ಹೋಗುತ್ತದೆ.

ಡಾಕ್ಟರಾಗಬೇಕೆಂದು ಕನಸು ಕಾಣುವವರಿಗೂ ಒಂದು ಮಾತು. ಶಸ್ತ್ರವೈದ್ಯದ ಆದಿಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ ಗಾಯ ಹೊಲಿಯುವುದನ್ನು ಶಿಷ್ಯರು ಮೊದಲು ಬಟ್ಟೆಯ ಅಂಚಿನ ಮೇಲೆ, ಮೆತ್ತನೆಯ ಚರ್ಮದ ಮೇಲೆ ಅಭ್ಯಾಸ ಮಾಡಬೇಕೆಂದು ಹೇಳಿದೆ. ಮಗನಿಗೆ ಸೂಜಿ ಬೇಡವೆನ್ನುವ ತಂದೆಯೇ ಅವನನ್ನು ಸರ್ಜನ್ ಮಾಡಲು ಹೊಲ ಮಾರಲೂ ಸಿದ್ಧನಿರುತ್ತಾನೆ!

ತಾಯ್ತಂದೆಯರ ಅಂಜಿಕೆ

ಅಂಜಿಕೆ ಇಲ್ಲವೆಂದಲ್ಲ. ಮೊದಲನೆಯದು ಓದು ಹಾಳಾದೀತು ಎಂಬುದು. ವಾರಕ್ಕೆರಡು ತಾಸಿನಿಂದ ಹಾಳಾಗುವ ಓದು ಟಿ.ವಿ.ಯಿಂದ ಎಂದೋ ಹಾಳಾಗಿರುತ್ತದೆ. ಎರಡನೆಯದು, ದರ್ಜಿ ಆಗಿಬಿಟ್ಟಾನು ಎಂಬುದು. ಬೆಂಗಳೂರಿನಲ್ಲಿ 1997ರಿಂದ ಇರುವ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಗೆ ಮಗನಿಗೆ ಪ್ರವೇಶ ಸಿಕ್ಕರೆ ಪೇಢೆ ಹಂಚುವವರು ನಾವೇ. ಅಲ್ಲೂ ಕತ್ತರಿ, ಸೂಜಿ, ಟೇಪೇ. ದರ್ಜಿಯ ಕಸುಬಾದರೂ ಏನು ಕಡಿಮೆ? 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ತರಬೇತಿ, ಉಪಕರಣಕ್ಕೆ 15 ಸಾವಿರ ರೂಪಾಯಿ, ಮೇಲೆ ಕಡಿಮೆ ಬಡ್ಡಿಯ ಸಾಲ. ಗಂಡಿಗೂ ಹೆಣ್ಣಿಗೂ ಒಂದೇ ನಿಯಮ.

ಇಲ್ಲೊಂದು ಕಹಿ ಮಾತನ್ನೂ ಹೇಳಬೇಕು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಮಶೀನಿನ ಮುಂದೆ ಕೂತವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಬಟ್ಟೆ ಕತ್ತರಿಸುವ ಮಾಸ್ತರ, ಮೇಲೆ ನಿಂತು ಗದರುವ ಸೂಪರ್‌ವೈಸರ್ ಹೆಚ್ಚಾಗಿ ಗಂಡಸರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಆ ಹೆಣ್ಣುಮಕ್ಕಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಬೀದಿಗಿಳಿದಾಗ ಕೇಂದ್ರ ಸರ್ಕಾರ ನಿಯಮವನ್ನೇ ಹಿಂದೆ ತೆಗೆದುಕೊಂಡಿತು. ಕತ್ತರಿಸುವ ವಿದ್ಯೆಯನ್ನೂ ಹೆಣ್ಣುಮಕ್ಕಳಿಗೆ ಕಲಿಸಿದ್ದರೆ ಪಗಾರದ ಪಟ್ಟಿ ಬೇರೆಯಾಗಿರುತ್ತಿತ್ತು. ಆದ್ದರಿಂದ ಮಗಳನ್ನು ಹೊಲಿಗೆ ಕ್ಲಾಸಿಗೆ ಕಳಿಸುವವರು ಬರೀ ಮಶೀನು ತುಳಿಯುವುದಲ್ಲ, ಅಳತೆ ಮತ್ತು ಕಟಿಂಗ್ ಕಲಿಸುತ್ತಾರೆಯೇ ಎಂದು ಕೇಳಿಯೇ ಹಣ ಕಟ್ಟಬೇಕು.

ಮೂರನೆಯ ಅಂಜಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೂಜಿ ಹಿಡಿದ ಹುಡುಗ 'ಹೆಣ್ಣಿಗ' ಆಗಿಬಿಟ್ಟರೆ? ಸೂಜಿ ಯಾರನ್ನೂ ಏನನ್ನೂ ಮಾಡುವುದಿಲ್ಲ. ಮಾಡುವುದಾಗಿದ್ದರೆ ಪೇಟೆಯ ಟೇಲರುಗಳೆಲ್ಲ ಏನಾಗಬೇಕಿತ್ತು? ಇನ್ನು ಹುಟ್ಟಿನಿಂದಲೇ ಬೇರೆ ಮನಸ್ಸಿನ ಮಕ್ಕಳು ಇರುತ್ತಾರೆ. ಅದು ಸೂಜಿಯಿಂದ ಬಂದದ್ದಲ್ಲ, ಸೂಜಿ ಕಸಿದುಕೊಂಡರೆ ಹೋಗುವುದೂ ಇಲ್ಲ. ಬಳ್ಳಾರಿ ಸೀಮೆಯಲ್ಲಿ ಹುಡುಗನಾಗಿ ಹುಟ್ಟಿ, ಮನೆಯಿಂದ ದೂರವಾಗಿ, ಸೀರೆಯುಟ್ಟು ಜೋಗತಿಯಾದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಾಟಕದಲ್ಲಿ ಬಾಲಗಂಧರ್ವರು ಹೆಣ್ಣುವೇಷದಲ್ಲಿ ಬಂದರೆ ಗೃಹಿಣಿಯರು ಅವರ ಸೀರೆಯ ಉಡಿಗೆಯನ್ನೇ ಅನುಕರಿಸುತ್ತಿದ್ದ ಕಾಲವೂ ಇತ್ತು. ರಂಗದ ಮೇಲೆ ಚಪ್ಪಾಳೆ ತಟ್ಟುವ ನಾವು ಪಡಸಾಲೆಯಲ್ಲಿ ಯಾಕೆ ಇಷ್ಟು ಬಿಗಿಯಾಗುತ್ತೇವೋ!

ಶಾಲೆಗಳು ಮನಸ್ಸು ಮಾಡಬಹುದು. 1937ರ ವರ್ಧಾ ಶಿಕ್ಷಣ ಯೋಜನೆಯಲ್ಲಿ ಹುಡುಗ ಹುಡುಗಿ ಇಬ್ಬರ ಕೈಗೂ ತಕಲಿ ಕೊಟ್ಟಿದ್ದರು. ಆಮೇಲೆ ನಮ್ಮ ಶಾಲೆಗಳು ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ತೋಟಗಾರಿಕೆ ಎಂದು ಹಂಚಿಬಿಟ್ಟವು. ಜಪಾನಿನಲ್ಲೂ ಹಾಗೇ ಇತ್ತು. 1993ರಲ್ಲಿ ಅಲ್ಲಿಯ ಮಾಧ್ಯಮಿಕ ಶಾಲೆಗಳಲ್ಲಿ, 1994ರಿಂದ ಪ್ರೌಢಶಾಲೆಗಳಲ್ಲಿ ಗೃಹವಿಜ್ಞಾನವನ್ನು ಗಂಡು-ಹೆಣ್ಣು ಇಬ್ಬರಿಗೂ ಕಡ್ಡಾಯ ಮಾಡಿದರು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಸಮವಸ್ತ್ರದ ಬಟ್ಟೆ ಪುಕ್ಕಟೆ ಬಂದರೂ ಅದನ್ನು ಹೊಲಿಸುವ ಖರ್ಚು ಮನೆಯವರ ತಲೆಯ ಮೇಲೆಯೇ. ಎರಡು ಮಕ್ಕಳಿರುವ ಕೂಲಿಯವರಿಗೆ ಜೂನ್ ತಿಂಗಳಲ್ಲಿ ಅದು ಸಣ್ಣ ಮೊತ್ತವಲ್ಲ. ಶಾಲೆಗೊಂದು ಮಶೀನು ಕೊಟ್ಟು ಮಕ್ಕಳೇ ತಮ್ಮ ಚಡ್ಡಿಯ ಅಂಚು, ಲಂಗದ ಪಟ್ಟಿ ಹೊಲಿದುಕೊಳ್ಳುವಂತೆ ಮಾಡುವುದು ಅಸಾಧ್ಯವೇನಲ್ಲ.

ನನ್ನ ಮೊದಲ ಅಂಗಿ ಹೊಲಿದದ್ದು ಕಾಲೇಜಿನ ಎರಡನೆಯ ವರ್ಷದ ಬೇಸಿಗೆ ರಜೆಯಲ್ಲಿ, ಚಿಕ್ಕಮ್ಮನ ಮಶೀನಿನ ಮೇಲೆ. ಎರಡೂಕಾಲು ಮೀಟರು ನೀಲಿ ಚೌಕುಳಿ ಬಟ್ಟೆ. ಎಡತೋಳನ್ನು ಎರಡು ಸಲ ಉಲ್ಟಾ ಕೂಡಿಸಿ ಬಿಚ್ಚಿದೆ. ಚೌಕುಳಿಗಳು ಎದೆಯ ಮೇಲೆ ಒಂದಕ್ಕೊಂದು ಕೂಡಲಿಲ್ಲ. ಆದರೂ ಅದನ್ನೇ ತೊಟ್ಟು ಗದಗಿಗೆ ಹೋದೆ. ಕಾಜಾ ಹಾಕಿಸಲು ಒಂದು ಅಂಗಡಿಗೆ ಹೊಕ್ಕರೆ, ವಯಸ್ಸಾದ ಟೇಲರ್ ಕನ್ನಡಕ ಮೂಗಿನ ತುದಿಗೆ ಸರಿಸಿ ಕೇಳಿದರು:

'ಇದನ್ನ ಯಾರು ಹೊಲದಾರ?'

'ನಾನ ಹೊಲದೀನ್ರಿ.'

ಅಂಗಡಿಯಲ್ಲಿದ್ದ ಇಬ್ಬರು ನಕ್ಕರು. ಅವರು ನಗಲಿಲ್ಲ. ಎದ್ದು ಬಂದು ಕಾಲರು ತಿರುವಿ ನೋಡಿ, ಬೆರಳಿನಿಂದ ಬಗಲಿನ ಹೊಲಿಗೆ ಎಳೆದು ಪರೀಕ್ಷಿಸಿದರು.

'ಕಾಲರಕ್ಕ ಕ್ಯಾನ್ವಾಸ್ ಹಾಕಿಲ್ಲ, ಅದಕ್ಕ ಮಲಗೇತಿ. ಮುಂದಿನ ಸಲ ಹಾಕು. ತೋಳು ಮಾತ್ರ ಚಲೋ ಕುಂತಾವ ನೋಡು.'

ಕಾಜಾದ ದುಡ್ಡು ತೆಗೆದುಕೊಂಡರು. ಅರ್ಧ ಗಜ ಕ್ಯಾನ್ವಾಸನ್ನು ಮಾತ್ರ ಹಾಗೇ ಕೊಟ್ಟರು.